ಲಿಡಿಯಕ್ಕ ತಲೆಯಾಡಿಸಿದ ಹರಕೆ

ಕೇಳದವರ ಮುಂದೆ ಉಪದೇಶದ ಗಂಟನ್ನು ಬಿಚ್ಚದವರು, ಕೇಳಿದವರಿಂದ ಅದನ್ನು ಬಚ್ಚಿಡದವರು. ರೋಗಿಯ ಮಂಚದ ಬಳಿ ಕುರ್ಚಿಯಿದ್ದರೂ ನೆಲದಲ್ಲಿಯೇ ಕುಳಿತು, ಆಕೆಯ ಕಣ್ಣಿಗಿಂತ ತಮ್ಮ ಕಣ್ಣು ಕೆಳಗಿರುವಂತೆ ನೋಡಿಕೊಂಡವರು. ಜ್ವರದಲ್ಲಿ ಸಿಕ್ಕುಗಟ್ಟಿದ ಪರರ ಕೂದಲನ್ನು ನೋಯದಂತೆ ಬಿಡಿಸಬಲ್ಲವರು. ಮಾತಿನಲ್ಲಿ ಮಿತರು, ಮೌನದಲ್ಲಿ ಉದಾರಿಗಳು. ಅನ್ಯರ ದೈವಗಳನ್ನು ಹಳಿದು ತಮ್ಮ ಸ್ವಾಮಿಯನ್ನು ಹೊಗಳುವುದು ನೆರೆಮನೆಯ ದೀಪವನ್ನಾರಿಸಿ ತಮ್ಮ ದೀಪವನ್ನು ಮೆರೆಸಿದಂತೆ ಎಂದು ತಿಳಿದವರು. ತಪ್ಪಿದಾಗ ತಪ್ಪಿದೆನೆಂದು ಹೇಳಬಲ್ಲವರು. ಈ ಕೊನೆಯ ಗುಣವೊಂದು ಮಾತ್ರ ಅವರಿಗೆ ಹುಟ್ಟಿನಿಂದ ಬಂದುದಲ್ಲ. ಐವತ್ತೆರಡನೆಯ ವಯಸ್ಸಿನಲ್ಲಿ, ಒಂದು ಶನಿವಾರದ ಮಧ್ಯಾಹ್ನ, ಬಹಳ ಕಷ್ಟದಿಂದ ಬಂದುದು. ಅವರ ಹೆಸರು ಲಿಡಿಯಾ ಕರ್ಕಡ.

ಉಡುಪಿಯ ಮಿಷನ್ ಆಸ್ಪತ್ರೆಯೊಂದರಲ್ಲಿ ಲಿಡಿಯಾ ಬೈಬಲ್ ಸ್ತ್ರೀಯಾಗಿದ್ದರು. ಹೆಂಗಸರ ವಾರ್ಡಿನಲ್ಲಿ ಒಬ್ಬೊಬ್ಬರ ಬಳಿಯೂ ಕುಳಿತು, ಬೇಕೆಂದವರಿಗೆ ಸುವಾರ್ತೆಯನ್ನು ಓದಿ ಹೇಳುವುದು, ಅವರಿಗಾಗಿ ಪ್ರಾರ್ಥಿಸುವುದು ಅವರ ಕೆಲಸ. ಮದುವೆಯಾಗಿರಲಿಲ್ಲ, ತಮ್ಮ ವಿಲ್ಫ್ರೆಡನ ಮನೆಯಲ್ಲಿ ವಾಸ. ಸಾವಿರದ ಒಂಬೈನೂರ ಎಂಬತ್ತೆರಡರ ಹೊತ್ತಿಗೆ ಇಪ್ಪತ್ತಾರು ವರ್ಷ ಹೀಗೆ ಕುಳಿತೆದ್ದರೂ ಅವರ ಮಾತು ಕೇಳಿ ಕ್ರೈಸ್ತ ಸಭೆಗೆ ಸೇರಿದವರು ಒಬ್ಬರೂ ಇರಲಿಲ್ಲ. ಸಭೆಯ ಹಿರಿಯನಾಗಿದ್ದ ವಿಲ್ಫ್ರೆಡ್ ಊಟಕ್ಕೆ ಕುಳಿತಾಗ ಆಗಾಗ ಕೆಣಕುತ್ತಿದ್ದ: "ಅಕ್ಕ, ನೀನು ಬಾಚಿದ ತಲೆಗಳನ್ನೆಲ್ಲ ಸೇರಿಸಿದರೆ ಒಂದು ಪೇಟೆ ಆದೀತು. ಚರ್ಚಿನ ಬೆಂಚು ಮಾತ್ರ ಹಾಗೇ ಖಾಲಿ ಉಂಟು." ಲಿಡಿಯಾ ನಕ್ಕು ಸಾರು ಬಡಿಸುತ್ತಿದ್ದರು. ಆ ನಗು ತುಟಿಯಿಂದ ಒಳಗೆ ಇಳಿಯುತ್ತಿರಲಿಲ್ಲ.

ಎಪ್ಪತ್ತಾರರ ಮಳೆಗಾಲದಲ್ಲಿ ಕಾಪುವಿನ ಮೀನುಗಾರ ಚೆನ್ನಪ್ಪನ ಹೆಂಡತಿ ವಾರಿಜಾ ಆ ವಾರ್ಡಿಗೆ ಬಂದಳು. ಮೊದಲ ಎರಡು ಮಕ್ಕಳನ್ನು ಮಣ್ಣಿಗೆ ಕೊಟ್ಟಿದ್ದಳು. ಮೂರನೆಯದು ಎಂಟನೆಯ ತಿಂಗಳಿಗೇ ಹುಟ್ಟಿ ಉಸಿರಿಗಾಗಿ ಹೆಣಗುತ್ತಿತ್ತು. ಒಂಬತ್ತನೆಯ ದಿನ ವಾರಿಜಾ ಲಿಡಿಯಾರ ಕೈ ಹಿಡಿದು, ಈ ಮಗು ಉಳಿದರೆ ಆರು ತುಂಬಿದ ಮೇಲೆ ಇದನ್ನು ನಿಮ್ಮ ದೇವರಿಗೇ ಒಪ್ಪಿಸುತ್ತೇನೆ, ನೀವೇ ಅವರಿಗೆ ಹೇಳಿ ಎಂದು ಬೇಡಿದಳು. ಕರಾವಳಿಯಲ್ಲಿ ಹರಕೆಯೆಂದರೆ ಬರಿಯ ಬಾಯಿಮಾತಲ್ಲ; ಹೇಳಿಕೊಂಡವರು ಮರೆತರೂ ಕೇಳಿಸಿಕೊಂಡ ದೈವ ಮರೆಯದು ಎಂಬುದು ನಂಬಿಕೆ. ಅದನ್ನು ಲಿಡಿಯಾ ಚೆನ್ನಾಗಿ ಬಲ್ಲರು. ತಮ್ಮ ಸ್ವಾಮಿ ಇಂಥ ಕರಾರಿಗೆ ಒಳಪಡುವವನಲ್ಲ ಎಂದು ಆಗಲೇ ಹೇಳಬೇಕಿತ್ತು. ಆದರೆ ಸಾಯುತ್ತಿರುವ ಮಗುವಿನ ತಾಯಿಗೆ ಬೇಡವೆನ್ನಲು ಅವರಿಗೆ ಬಾಯಿ ಬರಲಿಲ್ಲ. ತಲೆಯಾಡಿಸಿದರು.

ಮಗು ಉಳಿಯಿತು, ಪಂಕಜಾ ಎಂದು ಹೆಸರಿಟ್ಟರು. ಆ ಬಳಿಕ ವಾರಿಜಾ ಉಡುಪಿಗೆ ಬಂದಾಗಲೆಲ್ಲ ಲಿಡಿಯಾರ ಜಗಲಿಯಲ್ಲಿ ಕುಳಿತು ಯೇಸುಸ್ವಾಮಿಯ ಕಥೆ ಕೇಳತೊಡಗಿದಳು. ಬಿರುಗಾಳಿಯ ನಡುವೆ ದೋಣಿಯಲ್ಲಿ ನಿದ್ದೆಹೋದ ಪ್ರಸಂಗವನ್ನು ಎರಡೆರಡು ಸಲ ಹೇಳಿಸಿ, ಹಾಗೆ ಮಲಗಬೇಕಾದರೆ ಅವರಿಗೆ ಕಡಲಿನ ಅಭ್ಯಾಸ ಚೆನ್ನಾಗಿ ಇದ್ದಿರಬೇಕು ಎಂದು ಮೆಚ್ಚುತ್ತಿದ್ದಳು. ಹರಕೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಲಿಡಿಯಾ ಅದನ್ನು ಮರೆತೇಬಿಟ್ಟಿದ್ದರು.

ಎಂಬತ್ತೆರಡರ ಆ ಶನಿವಾರ ವಾರಿಜಾ ಮಗಳ ಕೈ ಹಿಡಿದು ಬಂದಳು. ತಲೆಯ ಮೇಲೊಂದು ತಗಡಿನ ಪೆಟ್ಟಿಗೆ. ಅದರಲ್ಲಿ ಎರಡು ಫ್ರಾಕು, ಹೊಸ ರಿಬ್ಬನ್ನು, ಒಂದು ಕುಪ್ಪಿ ತೆಂಗಿನೆಣ್ಣೆ. ಬಸ್ಸಿನಲ್ಲಿ ಬಂದ ಖುಷಿಗೆ ಹುಡುಗಿ ಅಂಗಳದ ಪೇರಳೆ ಮರದತ್ತ ಓಡಿದಳು. ವಾರಿಜಾ ಪೆಟ್ಟಿಗೆಯನ್ನು ಜಗಲಿಯಲ್ಲಿ ಇಳಿಸಿ, ಕಣ್ಣೆತ್ತದೆ ಹೇಳಿದಳು:

"ಆರು ತುಂಬಿತು, ಲಿಡಿಯಕ್ಕ. ತಂದಿದ್ದೇನೆ."

ಮಾತು ಅರ್ಥವಾಗಲು ಲಿಡಿಯಾರಿಗೆ ಸ್ವಲ್ಪ ಹೊತ್ತು ಬೇಕಾಯಿತು. ಹೋದ ತಿಂಗಳು ಮಗುವಿಗೆ ಮೂರು ವಾರ ಬಿಡದ ಜ್ವರ ಬಂದಿತ್ತಂತೆ. ಹರಕೆ ತೀರಿಸದಿದ್ದುದರ ಫಲವೆಂದು ಅತ್ತೆ ಹೇಳಿದರಂತೆ. ಚೆನ್ನಪ್ಪ ಎರಡು ದಿನ ಮಾತು ಬಿಟ್ಟು, ಮೂರನೆಯ ದಿನ ಕರೆದುಕೊಂಡು ಹೋಗು ಎಂದನಂತೆ. "ಮಾರಿಯಮ್ಮನಿಗೆ ಕೋಳಿ ಹೇಳಿಕೊಂಡರೆ ಕೊಟ್ಟೇ ಕೊಡ್ತೇವೆ," ಎಂದಳು ವಾರಿಜಾ. "ನಿಮ್ಮ ದೇವರು ಪಾಪದವರು, ಜೋರು ಮಾಡಿ ಕೇಳುವುದಿಲ್ಲ ಅಂತ ಮೋಸ ಮಾಡಲಿಕ್ಕೆ ಆಗ್ತದಾ?"

ಒಳಗಿನಿಂದ ಕೇಳಿಸಿಕೊಂಡ ವಿಲ್ಫ್ರೆಡ್ ಅಕ್ಕನನ್ನು ಅಡುಗೆಮನೆಗೆ ಕರೆದ. ಬೈಬಲಿನಲ್ಲಿಯೂ ತಾಯಿಯೊಬ್ಬಳು ಮಗುವನ್ನು ದೇವರ ಮನೆಗೆ ಒಪ್ಪಿಸಿದ್ದುಂಟು ಎಂದು ನೆನಪಿಸಿದ. "ನಾವು ಕೇಳಿ ತರಿಸಿದ್ದಲ್ಲ, ತಾನಾಗಿ ಬಂದದ್ದು. ಹುಡುಗಿ ಇಲ್ಲಿ ಬೆಳೆದರೆ ನಾಳೆ ತಾಯಿಯೂ ಬರ್ತಾಳೆ. ಇಪ್ಪತ್ತಾರು ವರ್ಷಕ್ಕೆ ಒಂದಾದರೂ ಆಯಿತು, ಅಲ್ವಾ ಅಕ್ಕ?"

ಕಿಟಕಿಯಾಚೆ ಪಂಕಜಾ ಪೇರಳೆಗಾಗಿ ಹಾರುತ್ತಿದ್ದಳು. ಭಾನುವಾರಗಳಲ್ಲಿ ತಮ್ಮ ಪಕ್ಕದಲ್ಲಿ ಆ ಪುಟ್ಟ ಮೈ ಒರಗಿ ಕುಳಿತ ಚಿತ್ರ ಲಿಡಿಯಾರ ಕಣ್ಣಿಗೆ ಕಟ್ಟಿತು. ಅದು ಎಷ್ಟು ಸಿಹಿಯಾಗಿತ್ತೆಂದು ತಿಳಿದು ಅವರೇ ಬೆಚ್ಚಿದರು. ಇನ್ನೊಂದು ಭಯವೂ ಇತ್ತು. ಅಂದು ತಲೆಯಾಡಿಸಿದ್ದೇ ಸುಳ್ಳೆಂದರೆ, ಆರು ವರ್ಷ ಹೇಳಿದ ಕಥೆಗಳನ್ನೆಲ್ಲ ವಾರಿಜಾ ಸುಳ್ಳೆಂದು ಬಿಸಾಡಬಹುದು.

"ಪ್ರೀತಿಯಿಂದ ತಂದಿದ್ದರೆ ಬೇರೆ ಮಾತು, ವಿಲ್ಲಿ. ಇವಳು ಹೆದರಿ ತಂದಿದ್ದಾಳೆ. ಹೆದರಿಸಿದವಳು ನಾನು," ಎಂದು ಹೇಳಿ ಲಿಡಿಯಾ ಜಗಲಿಗೆ ಬಂದು, ವಾರಿಜಾಳ ಎದುರು ನೆಲದಲ್ಲಿ ಕುಳಿತರು.

"ವಾರಿಜಾ, ಅವತ್ತು ನಾನು ತಲೆ ಆಡಿಸಿದ್ದು ತಪ್ಪು. ಒಪ್ಪಿದ್ದು ದೇವರಲ್ಲ, ನಾನು."

"ಹಾಗಾದರೆ ಮಗು ಉಳಿದದ್ದು?"

"ಅದು ಅವರು ಸುಮ್ಮನೆ ಕೊಟ್ಟದ್ದು. ಕೊಟ್ಟದ್ದನ್ನು ವಾಪಸ್ ಕೇಳುವವರಲ್ಲ."

"ಜ್ವರ?"

"ಜ್ವರ ಎಲ್ಲ ಮಕ್ಕಳಿಗೂ ಬರ್ತದೆ. ಚರ್ಚಿಗೆ ಹೋಗುವ ಮಕ್ಕಳಿಗೂ."

ವಾರಿಜಾ ಅವರನ್ನೇ ದಿಟ್ಟಿಸಿದಳು. ಬಳಿಕ ತಗ್ಗಿದ ದನಿಯಲ್ಲಿ, "ಆರು ವರ್ಷ ಒಂದು ದಿನವೂ ಇವಳನ್ನು ನನ್ನದು ಅಂತ ಎತ್ತಿಕೊಳ್ಳಲಿಲ್ಲ ನಾನು," ಎಂದಳು. "ಕೊಡಬೇಕಾದವಳು, ಹಚ್ಚಿಕೊಳ್ಳಬಾರದು ಅಂತ. ನಿಮಗೆ ಇವತ್ತು ನೆನಪಾಯಿತಾ?"

ಲಿಡಿಯಾ ಜೀವಮಾನವೆಲ್ಲ ಪರರಿಗಾಗಿ ಜೋಡಿಸಿದ ಕೈಗಳನ್ನು ಅಂದು ತಮಗಾಗಿ, ಮೀನು ಮಾರುವ ಹೆಣ್ಣಿನೆದುರು ಜೋಡಿಸಿದರು. ವಾರಿಜಾ ಆ ಕೈಗಳನ್ನು ಹಿಡಿದು ಕೆಳಗಿಳಿಸಿದಳು.

"ಹಾಗಾದರೆ ನಿಮ್ಮ ದೇವರಿಗೆ ಎಂತ ಬೇಕು?"

"ನೀನು ಅವರಿಗೆ ಹೆದರದೆ ಇರುವುದು."

ವಾರಿಜಾ ಯೋಚಿಸಿದಳು. "ಅದು ಕೋಳಿಗಿಂತ ಕಷ್ಟ ಉಂಟು," ಎಂದಳು.

ಎದ್ದು ಅಂಗಳಕ್ಕೆ ಇಳಿದು ಮಗಳನ್ನು ಕರೆದಳು. ಆರು ತುಂಬಿದ, ಕಾಲು ನೇತಾಡುವಷ್ಟು ಬೆಳೆದ ಹುಡುಗಿಯನ್ನು ಕೂಸಿನಂತೆ ಸೊಂಟಕ್ಕೇರಿಸಿಕೊಂಡು ಗೇಟು ದಾಟಿದಳು. ಪೆಟ್ಟಿಗೆ ಜಗಲಿಯಲ್ಲಿಯೇ ಉಳಿದಿತ್ತು. ವಿಲ್ಫ್ರೆಡ್ ಅದನ್ನು ಹೆಗಲಿಗೇರಿಸಿ, ಅವರ ಹಿಂದೆ ಬಸ್ಸಿನವರೆಗೆ ನಡೆದ.

ಎರಡು ತಿಂಗಳು ವಾರಿಜಾ ಬರಲಿಲ್ಲ. ಲಿಡಿಯಾ ಆಳು ಕಳುಹಿಸಲಿಲ್ಲ, ಕಾದರು. ಮೂರನೆಯ ತಿಂಗಳು ಒಂದು ಗುರುವಾರ ವಾರಿಜಾ ಬಂದು, "ಕಥೆಯನ್ನು ಮೊದಲಿನಿಂದ ಹೇಳಿ, ಆಗ ಹೆದರಿಕೊಂಡು ಕೇಳಿದ್ದೆ," ಎಂದಳು. ಆಕೆ ಸಭೆಗೆ ಸೇರಿದಳೇ ಎಂದು ವಿಚಾರಿಸುವವರುಂಟು. ಸೇರಲಿಲ್ಲ. ಆದರೆ ಚೆನ್ನಪ್ಪ ಕಡಲಿಗಿಳಿಯುವ ಮುಂಜಾನೆಗಳಲ್ಲಿ ಯಾವ ಹರಕೆಯನ್ನೂ ಹೇಳಿಕೊಳ್ಳದೆ, ಏನನ್ನೂ ಒಪ್ಪಿಕೊಳ್ಳದೆ ತಾನು ಆ ಸ್ವಾಮಿಯ ಹೆಸರನ್ನು ಕರೆಯುವುದುಂಟೆಂದು ಒಮ್ಮೆ ಸಂಕೋಚದಿಂದ ಹೇಳಿದಳು. ಲಿಡಿಯಾ ಅದನ್ನು ತಮ್ಮನಿಗೂ ತಿಳಿಸದೆ ಎದೆಯಲ್ಲಿಟ್ಟುಕೊಂಡರು.

ಪುಕ್ಕಟೆಯಾಗಿ ಕೊಡುವವನೂ ಕೊಟ್ಟು ಕಾಡದವನೂ ಆದ ಕರುಣಾನಿಧಿಯು ಲಿಡಿಯಾ ಕರ್ಕಡರನ್ನು ಬಹುಕಾಲ ಬಾಳಿಸಲಿ. ವಯಸ್ಸಾದ ಅವರ ಮೊಣಕಾಲುಗಳಿಗೆ ನೆಲದಲ್ಲಿ ಕುಳಿತೇಳುವ ಬಲವನ್ನು ಕೊಡಲಿ. ವಿಲ್ಫ್ರೆಡನ ಒಲೆ ಆರದಿರಲಿ, ಅವನ ಮನೆಯ ಅನ್ನ ಬಂದವರಿಗೂ ಸಾಲಲಿ. ಆ ಜಗಲಿಯನ್ನೇರಿದ ಯಾವ ತಾಯಿಯೂ ಭಯವನ್ನು ಹೊತ್ತು ಮರಳದಿರಲಿ. ಆಮೆನ್.