ಊಟ ಆಯ್ತಾ? ಆಯ್ತು

ಮೊನ್ನೆ ಕಾಪು ಪೇಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಹಳೆಯ ಪರಿಚಯದವರೊಬ್ಬರು ಎದುರಾಗಿ, ನನ್ನ ಮುಖವನ್ನೂ ಸರಿಯಾಗಿ ನೋಡದೆ, "ಊಟ ಆಯ್ತಾ?" ಅಂದರು. ಬೆಳಗಿನ ಹತ್ತು ಗಂಟೆಗೆ ಯಾರಿಗೆ ಊಟ ಆಗಿರುತ್ತದೆ ಹೇಳಿ? ಆದರೂ ನನ್ನ ಬಾಯಿ ತಾನಾಗಿಯೇ "ಆಯ್ತು, ನಿಮ್ದು?" ಅಂದುಬಿಟ್ಟಿತು. ಅವರದ್ದೂ ಆಗಿತ್ತಂತೆ. ಇಬ್ಬರೂ ಸಲೀಸಾಗಿ ಸುಳ್ಳು ಹೇಳಿದೆವು. ಅವರು ಮುಂದೆ ನಡೆದರು.

ನಮ್ಮ ಕಡೆ ಇದು ಪ್ರಶ್ನೆಯೇ ಅಲ್ಲ, ನಮಸ್ಕಾರ. ತುಳುವಿನಲ್ಲಿ "ವನಸ್ ಆಂಡಾ?" ಎಂದರೂ ಅಷ್ಟೇ, ಉತ್ತರ ಯಾರಿಗೂ ಬೇಡ. ಹೊರಗಿನವರು ಇದನ್ನು ಎಷ್ಟು ಪ್ರೀತಿಯ ಪದ್ಧತಿ ಎಂದು ಹೊಗಳುವುದುಂಟು. ನಾನೂ ಹೊಗಳುತ್ತಿದ್ದೆ, ನನ್ನ ಅಕ್ಕನ ಮಗಳು ರಶ್ಮಿ ಅದರ ಹಿಂದೆಯೇ ಅಡಗಿ ಕೂತು ಹಸಿದುಕೊಂಡಿದ್ದದ್ದು ಗೊತ್ತಾಗುವ ತನಕ.

ಎರಡು ಸಾವಿರನೇ ಇಸವಿಯ ಆಚೀಚೆಯ ಮಾತು. ರಶ್ಮಿ ಕಾಪುವಿನಿಂದ ಬಸ್ಸಿನಲ್ಲಿ ಉಡುಪಿಗೆ ಹೋಗಿ ಪಿಯುಸಿ ಓದುತ್ತಿದ್ದಳು. ಒಂದು ಅಕ್ಷರ ಓರೆಯಾದರೆ ಇಡೀ ಪುಟ ಹರಿದು ಮತ್ತೆ ಬರೆಯುವ ಹುಡುಗಿ. ನೆಂಟರ ಮದುವೆಯಲ್ಲಿ ನನ್ನ ಕಾರ್ಕಳದ ದೊಡ್ಡಮ್ಮ ಅವಳ ತೋಳು ಹಿಡಿದು, "ಎಂತ ಹುಡುಗಿ, ಇಷ್ಟು ತೋರ ಆಗಿದ್ದಿ! ಅಕ್ಕಿ ಮುಡಿಯ ಹಾಗೆ ಗುಂಡಗೆ!" ಅಂದರು. ಚಪ್ಪರದಲ್ಲಿದ್ದವರೆಲ್ಲ ನಕ್ಕರು. ಇದೂ ನಮ್ಮಲ್ಲಿ ನಮಸ್ಕಾರವೇ ನೋಡಿ. ಮೊದಲು ಊಟ ಕೇಳುವುದು, ಆಮೇಲೆ ತೋರವೋ ಸಪೂರವೋ ಎಂದು ಕಣ್ಣಲ್ಲೇ ತೂಗುವುದು.

ಆ ಮದುವೆಯ ನಂತರ ರಶ್ಮಿ ಮೊದಲು ರಾತ್ರಿಯ ಅನ್ನ ಬಿಟ್ಟಳು. ಆಮೇಲೆ ಸೋಮವಾರ ಉಪವಾಸ ಅಂದಳು. ಹಿಂದೆಯೇ ಶನಿವಾರ, ಸಂಕಷ್ಟಿ, ಏಕಾದಶಿ. ಮೀನು ತಿನ್ನುವ ಮನೆ ನಮ್ಮದು. ಏಕಾದಶಿ ಯಾವಾಗ ಬರುತ್ತದೆಂದು ಅದುವರೆಗೆ ಯಾರಿಗೂ ಗೊತ್ತಿರಲಿಲ್ಲ. ಸಂಶಯ ಬರಬೇಕೋ ಬೇಡವೋ? ಬದಲಿಗೆ ದೊಡ್ಡಮ್ಮ ಕಾರ್ಕಳದಿಂದ ಫೋನು ಮಾಡಿ ಅಕ್ಕನಿಗೆ, "ಈ ಕಾಲದಲ್ಲಿ ಇಷ್ಟು ಭಕ್ತಿ ಯಾರಿಗುಂಟು ಮಾರಾಯ್ತಿ!" ಎಂದು ಹೊಗಳಿದರು. ಉಪವಾಸವಿಲ್ಲದ ದಿನಗಳಿಗೆ 'ಆಯ್ತು' ಇತ್ತಲ್ಲ. ಮನೆಯಲ್ಲಿ ಕೇಳಿದರೆ ಕ್ಯಾಂಟೀನಿನಲ್ಲಿ ಆಯ್ತು, ಕಾಲೇಜಿನಲ್ಲಿ ಕೇಳಿದರೆ ಮನೆಯಲ್ಲಿ ಆಯ್ತು.

ಕೂದಲು ಉದುರಿತು. ಮುಟ್ಟು ನಿಂತಿತು. ಎಪ್ರಿಲ್ ತಿಂಗಳ ಸೆಕೆಯಲ್ಲಿ ಚಳಿ ಎಂದು ಸ್ವೆಟರ್ ಹಾಕಿಕೊಂಡಳು, ಅದೂ ಕಡಲ ಬದಿಯ ಕಾಪುವಿನಲ್ಲಿ! ದೃಷ್ಟಿ ತೆಗೆದದ್ದಾಯಿತು, ಮಂತ್ರಿಸಿದ ನೂಲು ಕಟ್ಟಿಸಿದ್ದಾಯಿತು, ಟಾನಿಕ್ಕಿನ ಬಾಟಲಿಗಳು ಸಾಲಾಗಿ ನಿಂತವು. ಕನ್ನಡಿಯ ಮುಂದೆ ನಿಂತು ಅವಳು, "ಮಾವ, ನಾನು ಇನ್ನೂ ತೋರವೇ ಇದ್ದೇನಲ್ಲ?" ಎಂದು ಕೇಳಿದಾಗ ಕೊರಳಿನ ಎಲುಬು ಎದ್ದು ಕಾಣುತ್ತಿತ್ತು. ಅವಳು ತಮಾಷೆ ಮಾಡುತ್ತಿರಲಿಲ್ಲ.

ಬಸ್ಸಿನಿಂದ ಇಳಿಯುವಾಗ ತಲೆ ತಿರುಗಿ ಬಿದ್ದ ಮೇಲೆ ಮಣಿಪಾಲದ ಆಸ್ಪತ್ರೆಗೆ ಕರೆದೊಯ್ದೆವು. ಎದೆಬಡಿತ ತೀರಾ ನಿಧಾನವಾಗಿದೆ ಎಂದು ಅಡ್ಮಿಟ್ ಮಾಡಿದರು. ಮನೋರೋಗದ ಡಾಕ್ಟ್ರಮ್ಮ ಬಂದಾಗ ಅಕ್ಕ, "ಇವಳಿಗೆ ಹುಚ್ಚು ಎಂತ ಇಲ್ಲ ಡಾಕ್ಟ್ರೇ, ಸ್ವಲ್ಪ ಹಟ ಅಷ್ಟೇ" ಅಂದಳು.

"ಹಟ ಅಲ್ಲಮ್ಮ, ಕಾಯಿಲೆ. ದಪ್ಪ ಆಗ್ತೇನೆ ಅನ್ನುವ ಹೆದರಿಕೆ ಅವಳನ್ನು ಉಣ್ಣಲಿಕ್ಕೇ ಬಿಡುವುದಿಲ್ಲ. ಹೀಗೇ ಬಿಟ್ಟರೆ ಜೀವಕ್ಕೇ ಅಪಾಯ."

"ಹಾಗಾದ್ರೆ ದೊಡ್ಡಮ್ಮನ ಆ ಬಾಯಿಯಿಂದಲೇ ಬಂದದ್ದು!" ಅಕ್ಕ ಎದ್ದೇಬಿಟ್ಟಳು.

"ಒಂದು ಮಾತಿನಿಂದ ಬರುವುದಿಲ್ಲ. ಹುಟ್ಟುಗುಣ, ಪರೀಕ್ಷೆಯ ಒತ್ತಡ, ಪಥ್ಯದ ಚಟ, ಎಲ್ಲ ಸೇರಿ ಬರ್ತದೆ. ಕಾರಣ ಹುಡುಕ್ತಾ ಕೂತರೆ ಅನ್ನ ಆರಿಹೋಗ್ತದೆ. ಮನೆಗೆ ಹೋದ ಮೇಲೆ ಊಟ ಆಯ್ತಾ ಅಂತ ಕೇಳ್ಬೇಡಿ. ಹೊತ್ತು ಹೊತ್ತಿಗೆ ಬಡಿಸಿ, ಜೊತೆಗೆ ಕೂತು ಉಣ್ಣಿ. ತೋರ, ಸಪೂರ ಅನ್ನುವ ಮಾತೇ ಬೇಡ."

ಮಾತ್ರೆಯಾದರೆ ನುಂಗಬಹುದಿತ್ತು. ಈ ಔಷಧಿ ಹೇಗೆ ಇಳಿಯಬೇಕು? ಜಗಲಿ ಹತ್ತಿದವರು "ಊಟ..." ಎಂದು ಬಾಯಿ ತೆರೆದು, ಭಾವನ ಕೆಂಗಣ್ಣು ನೋಡಿ, "ಮಳೆ ಬರ್ತದಾ?" ಎಂದು ಮುಗಿಸುತ್ತಿದ್ದರು. ದೊಡ್ಡಮ್ಮನಿಗಂತೂ ಅವಮಾನವೇ ಆಯಿತು. "ಊಟ ಆಯ್ತಾ ಕೇಳ್ಬಾರ್ದಾ? ಹಾಗಾದ್ರೆ ಎಂತ ಮಾತಾಡುದು, ರಾಜಕೀಯವಾ?"

ಒಂದು ಬಟ್ಟಲು ಗಂಜಿ ಮುಗಿಯಬೇಕಾದರೆ ಬೆಳಗು ಹೋಗಿ ಮಧ್ಯಾಹ್ನವಾಗುತ್ತಿತ್ತು. ಅಕ್ಕ ಎದುರು ಕೂತೇ ಇರುತ್ತಿದ್ದಳು. ಅಳು, ಬೈಗಳು, ಬಟ್ಟಲು ಅಂಗಳಕ್ಕೆ ಹಾರಿದ್ದೂ ಉಂಟು. ವಾರವಾರ ಮಣಿಪಾಲದಲ್ಲಿ ತೂಕ, ಡಾಕ್ಟ್ರಮ್ಮನ ಜೊತೆ ಮಾತು. ತೂಕ ಸ್ವಲ್ಪ ಏರಿತು ಎನ್ನುವಷ್ಟರಲ್ಲಿ ಮತ್ತೆ ಇಳಿಯುತ್ತಿತ್ತು. ಟಾನಿಕ್ಕಿನ ಹಾಗೆ ಇದಕ್ಕೂ ಒಂದು ಬಾಟಲಿ ಇದ್ದಿದ್ದರೆ ಎಂದು ನಾವೆಲ್ಲ ರೋಸಿಹೋದೆವು.

ವರ್ಷ ಕಳೆದ ಮೇಲೊಂದು ಮಧ್ಯಾಹ್ನ ದೊಡ್ಡಮ್ಮ ಚಪ್ಪಲಿ ಬಿಡುತ್ತಾ, ಮರೆತು, "ಊಟ ಆಯ್ತಾ ಮಗಾ?" ಎಂದುಬಿಟ್ಟರು. ಅಕ್ಕ ಒಳಗಿನಿಂದ ಓಡಿಬಂದಳು.

ರಶ್ಮಿ ತಲೆಯೆತ್ತಿ, "ಇಲ್ಲ ಅಜ್ಜಿ, ಆಗ್ಲಿಲ್ಲ. ಹಸಿವಾಗ್ತಾ ಉಂಟು" ಅಂದಳು.

ಈ ಪ್ರಶ್ನೆಗೆ ಆ ಮನೆಯಲ್ಲಿ ಅದುವರೆಗೆ 'ಇಲ್ಲ' ಎಂದವರಿರಲಿಲ್ಲ. ದೊಡ್ಡಮ್ಮ ನೇರ ಒಳಗೆ ಬಂದು, "ಹಾಗಾದ್ರೆ ನನಗೂ ಬಡಿಸಿ" ಎಂದು ಕೂತರು, ಕಾರ್ಕಳದಲ್ಲಿ ಉಂಡೇ ಬಂದವರು. ಈಗಲೂ ಕೆಲವು ದಿನ ಕಷ್ಟವಾಗುತ್ತದೆ ಎನ್ನುತ್ತಾಳೆ ರಶ್ಮಿ. ಆದರೆ ಈಗ ಬಾಯಿಬಿಟ್ಟು ಹೇಳುತ್ತಾಳೆ.

ಇದೆಲ್ಲ ನೆನಪಾಗಿ, ಮೊನ್ನೆ ಪೇಟೆಯಲ್ಲಿ ಆ ಪರಿಚಯದವರನ್ನು ಹಿಂದಿನಿಂದ ಕರೆದೆ. "ಸುಳ್ಳು ಹೇಳಿದೆ ಮಾರಾಯ್ರೆ, ನಂದು ಆಗ್ಲಿಲ್ಲ. ನಿಮ್ದು ನಿಜವಾಗಿ ಆಯ್ತಾ?"

ಅವರು ನಿಂತರು. ಆಗ ಮೊದಲ ಸಲ ನನ್ನ ಮುಖ ನೋಡಿದರು. "ನಿಜ ಹೇಳುದಾದ್ರೆ, ನಿನ್ನೆಯಿಂದ ಎಂತದ್ದೂ ಸೇರ್ಲಿಲ್ಲ" ಅಂದರು.

ಬಸ್ಸು ಬಂತು. ಬಿಟ್ಟೆ. ಎದುರಿನ ಹೋಟೆಲಿನಲ್ಲಿ ಇಬ್ಬರೂ ಕೂತೆವು.