ಅಪ್ಪನ ಲಾಂಚು ಬರುವ ಶನಿವಾರ

ನಾನು ಚಿಕ್ಕವನಿದ್ದಾಗ, ಅಂದರೆ ನಿಮ್ಮ ಹಾಗೆ ಮುಂದಿನ ಹಲ್ಲು ಬಿದ್ದು ನಗುವುದಕ್ಕೂ ನಾಚುತ್ತಿದ್ದ ವಯಸ್ಸಿನಲ್ಲಿ, ನನ್ನಪ್ಪ ವಾರಕ್ಕೊಮ್ಮೆ ಮಾತ್ರ ಮನೆಗೆ ಬರುತ್ತಿದ್ದ. ಅವನದು ಲಾಂಚು ಓಡಿಸುವ ಕೆಲಸ. ಅಣೆಕಟ್ಟು ಕಟ್ಟಿದ ಮೇಲೆ ನಮ್ಮೂರ ಮುಂದೆ ಹಿನ್ನೀರು ನಿಂತು, ಆಚೆ ದಡ ಬರೀ ನೀಲಿ ಗೆರೆಯಾಗಿ ಕಾಣುತ್ತಿತ್ತು. ಜನ, ಸೈಕಲ್ಲು, ಅಕ್ಕಿಮೂಟೆ, ಕೋಳಿ, ಎಲ್ಲವೂ ಅಪ್ಪನ ಲಾಂಚಿನಲ್ಲೇ ದಾಟಬೇಕು.

ಲಾಂಚಿನವರ ಬದುಕೆಲ್ಲ ನೀರಿನ ಮೇಲೆಯೇ. ಆರು ದಿನ ಅಲ್ಲೇ ಸೀಮೆಎಣ್ಣೆ ಸ್ಟೌನಲ್ಲಿ ಅನ್ನ, ಮೀನುಸಾರು. ಅಲ್ಲೇ ಹಲಗೆಯ ಮೇಲೆ ನಿದ್ದೆ. ಶನಿವಾರ ಸಂಜೆ ಬರುವ ಅಪ್ಪನ ಅಂಗಿಯಲ್ಲಿ ಡೀಸೆಲ್ ವಾಸನೆ. ಅಮ್ಮ ಮೂಗು ಮುಚ್ಚಿಕೊಂಡು ಒಗೆಯುತ್ತಿದ್ದಳು. ನನಗಂತೂ ಆ ವಾಸನೆಯೆಂದರೆ ಪ್ರಾಣ.

ಬೇಸಿಗೆಯಲ್ಲಿ ನೀರು ಇಳಿದರೆ ಮುಳುಗಿದ್ದ ಮರಗಳ ಬೊಡ್ಡೆಗಳು ಮೇಲೇಳುತ್ತಿದ್ದವು. ತಗುಲಿದರೆ ಲಾಂಚಿನ ತಳವೇ ಹೋದೀತು. ಅದಕ್ಕೇ ಆಗ ಲಾಂಚನ್ನು ಆಳ ನೀರಿರುವ ದೂರದ ದಡಕ್ಕೆ ಒಯ್ಯುತ್ತಿದ್ದರು. ಅಲ್ಲಿಗೆ ಹೋದರೆ ಅಪ್ಪ ಮೂರ್ನಾಲ್ಕು ತಿಂಗಳು ಮನೆಗೆ ಬರುವಂತಿಲ್ಲ. ಆ ವರ್ಷ ಹೊರಡುವ ಹಿಂದಿನ ದಿನ, ಶನಿವಾರ ಬೆಳಿಗ್ಗೆ, ಅಪ್ಪ ನನಗೆ ಮಾತು ಕೊಟ್ಟಿದ್ದ: "ಇವತ್ತು ಬೇಗ ಬರೋಣ. ಹೊತ್ತು ಮುಳುಗೋದ್ರೊಳಗೆ ನಿಂಗೆ ಈಜು ಕಲಿಸ್ತೀನಿ."

ಅಯ್ಯೋ, ನನ್ನ ಸಂಭ್ರಮ ಏನು ಕೇಳುತ್ತೀರಿ! ಬೆಳಿಗ್ಗೆಯೇ ಅಕ್ಕನ ಜೊತೆ ಲಾಂಚು ಹತ್ತಿ, ಇಡೀ ದಿನ ಅಪ್ಪನ ಪಕ್ಕದಲ್ಲೇ ಕೂತೆ. ಹೊಟ್ಟೆಯಡಿ ಅಪ್ಪನ ಅಂಗೈ ಇರುತ್ತದೆ, ನಾನು ಕೈಕಾಲು ಬಡಿಯುತ್ತೇನೆ, ಇದೇ ಯೋಚನೆ.

ಆಚೆ ದಡದಿಂದ ನಮ್ಮೂರಿಗೆ ಮರಳುವ ಕೊನೆಯ ಟ್ರಿಪ್ಪಿಗೆ ಒಂದು ಕಟ್ಟಳೆ ಇತ್ತು. ಮೂರು ಸಲ ಹಾರ್ನ್ ಹೊಡೆದು, ಒಂದು ಎಲೆಯಡಿಕೆ ಅಗಿದು ಮುಗಿಸುವಷ್ಟು ಹೊತ್ತು ಕಾದು, ಆಮೇಲೇ ಹಗ್ಗ ಬಿಚ್ಚಬೇಕು. ಆ ಲಾಂಚು ತಪ್ಪಿದರೆ ದಾಟಲು ಮಾರನೆಯ ದಿನವೇ ಗತಿ; ಅವತ್ತು ತಪ್ಪಿದವರಿಗೆ ಅದೂ ಇಲ್ಲ. ಅವತ್ತು ಅಪ್ಪ ಎಲೆಯಡಿಕೆಯನ್ನು ಅರ್ಧಕ್ಕೇ ಉಗಿದು ಹಗ್ಗ ಬಿಚ್ಚಿಸಿದ. ನನಗಾಗಿಯೇ ಅಂತ ನನಗೆ ಗೊತ್ತಿತ್ತು.

ಲಾಂಚು ಹೊರಟಿತು. ಲಾಂಚಿನ ಹಿಂಬದಿಗೆ ಬಂದು ನಿಂತಿದ್ದ ನನಗೊಬ್ಬನಿಗೇ ಕಂಡಿತು: ದಡದ ಕೆಂಪು ದಿಬ್ಬದಿಂದ ಯಾರೋ ಓಡಿ ಬರುತ್ತಿದ್ದರು. ತಲೆಯ ಮೇಲೆ ಏನೋ ಹೊರೆ, ಕೈಯಲ್ಲಿ ಬೀಸುತ್ತಿದ್ದ ಬಿಳಿ ಬಟ್ಟೆ.

"ಏನೋ ಅಷ್ಟೊಂದು ನೋಡ್ತಿದೀಯ?" ಎಂದಳು ಅಕ್ಕ.

"ಏನಿಲ್ಲ ಕಣೇ, ಕೊಕ್ಕರೆ," ಎಂದೆ.

ನಡುನೀರಿಗೆ ಬಂದಾಗ ಅಪ್ಪ ಚುಕ್ಕಾಣಿ ಹಿಡಿದೇ ಪ್ರಯಾಣಿಕರೊಬ್ಬರಿಗೆ ಹೆಮ್ಮೆಯಿಂದ ಹೇಳುತ್ತಿದ್ದ: "ಇಷ್ಟು ವರ್ಷದಲ್ಲಿ ನಾನು ಒಬ್ಬರನ್ನೂ ದಡದಲ್ಲಿ ಬಿಟ್ಟು ಬಂದಿಲ್ಲ ಸ್ವಾಮಿ." ನಾನು ಕೈಯಲ್ಲಿದ್ದ ಕಡಲೆಪುರಿ ಪೊಟ್ಟಣ ಕೆಳಗಿಟ್ಟೆ. ತಡೆಯಲಾಗದೆ ಹೋ ಎಂದು ಅತ್ತು ಎಲ್ಲವನ್ನೂ ಹೇಳಿಬಿಟ್ಟೆ.

ಅಪ್ಪ ಬೈಯಲಿಲ್ಲ. "ನಾನೂ ಕಾಯಬೇಕಿತ್ತು," ಎಂದಷ್ಟೇ ಹೇಳಿ ಲಾಂಚು ತಿರುಗಿಸಿದ. ಜನರೆಲ್ಲ ಗೊಣಗಿದರು. ದಡದಲ್ಲಿ ಒಬ್ಬ ಮುದುಕ ಹೊಸ ತೊಟ್ಟಿಲನ್ನು ಪಕ್ಕಕ್ಕಿಟ್ಟುಕೊಂಡು ಕುಕ್ಕರಗಾಲಲ್ಲಿ ಕೂತಿದ್ದ. ನಮ್ಮೂರ ಕಡೆ ಅವನ ಮಗಳಿಗೆ ಹೆರಿಗೆಯಾಗಿತ್ತು, ಮಗುವಿನ ಮುಖ ಇನ್ನೂ ನೋಡಿರಲಿಲ್ಲ. "ಬಂದ್ರಲ್ಲಪ್ಪ, ಅಷ್ಟು ಸಾಕು," ಎಂದು ನನ್ನ ಕೈಗೇ ಒಂದು ಬೆಲ್ಲದ ಚೂರು ಕೊಟ್ಟ. ನಾಚಿಕೆಯಿಂದ ಅದನ್ನು ತಿನ್ನಲಾಗಲಿಲ್ಲ.

ನಮ್ಮ ದಡ ಮುಟ್ಟುವಾಗ ಕತ್ತಲಾಗಿತ್ತು. ಬೆಳಿಗ್ಗೆ ನಾನು ಏಳುವ ಮೊದಲೇ ಅಪ್ಪ ಹೊರಟುಹೋಗಿದ್ದ.

ಅಪ್ಪ ಇಲ್ಲದ ಆ ತಿಂಗಳುಗಳಲ್ಲಿ ಅಕ್ಕನೇ ನನಗೆ ಈಜು ಕಲಿಸಿದಳು. ಮಳೆ ಬಂದು ನೀರೇರಿ ಲಾಂಚು ಮರಳಿತು. ಅಪ್ಪ ಅಂಗಿ ಕಳಚಿ ಸೊಂಟದುದ್ದ ನೀರಿಗಿಳಿದು, ಎರಡೂ ಕೈ ಚಾಚಿ, "ಬಾರೋ, ಕಲಿಸ್ತೀನಿ," ಎಂದು ಕರೆದ. ನಾನು ಜಂಬದಿಂದ ದುಡುಂ ಎಂದು ಹಾರಿ, ಅವನನ್ನು ದಾಟಿ, ಮೀನಿನ ಹಾಗೆ ಈಜಿ ತೋರಿಸಿದೆ. "ಭಲೇ!" ಎಂದು ಅಪ್ಪ ನಕ್ಕ. ಚಾಚಿದ್ದ ಕೈಗಳನ್ನು ಮೆಲ್ಲಗೆ ನೀರಿನೊಳಕ್ಕೆ ಇಳಿಸಿಕೊಂಡ. ನನ್ನ ದಡ್ಡತನಕ್ಕೆ ಏನು ಹೇಳಲಿ! ಆ ಕೈಗಳ ಮೇಲೆ ಒಂದು ಸಲವಾದರೂ ಮಲಗಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ.

ನಿಮ್ಮ ಕಾಲ ಬೇರೆ, ಮಕ್ಕಳೇ. ವಿಂಡಮ್ ವೇಲ್ ಎನ್ನುವ ಈ ಪರದೇಶದ ಊರಿನಲ್ಲಿ ನಮ್ಮ ಮನೆಯ ಹತ್ತಿರ ಕೆರೆಯಿದೆ, ಲಾಂಚಿಲ್ಲ. ಅಲ್ಲಿ ಬಾತುಕೋಳಿಗಳದ್ದೇ ದರ್ಬಾರು. ನಿಮ್ಮಪ್ಪ ಸಿಡ್ನಿಯಲ್ಲಿ ಕೆಲಸ ಮಾಡಿ ಶುಕ್ರವಾರದ ಫ್ಲೈಟ್ ಹಿಡಿದು ಬರುತ್ತಾನೆ. ಅದು ಯಾರಿಗೂ ಕಾಯುವುದಿಲ್ಲ, ತಿರುಗಿಯೂ ಬರುವುದಿಲ್ಲ. ನಿಮಗೆ ಈಜು ಕಲಿಸಲು ಬೆಚ್ಚನೆಯ ಪೂಲು, ಸೀಟಿ ಊದುವ ಟೀಚರು ಇದ್ದಾರೆ. ನಿಮ್ಮಪ್ಪ ಬೆಂಚಿನ ಮೇಲೆ ಕೂತು ಫೋನು ಒತ್ತುತ್ತಿರುತ್ತಾನೆ. ನಾಳೆ ನೀನೂ ನೀರಿಗಿಳಿಯಪ್ಪಾ ಎಂದು ಅವನಿಗೆ ಹೇಳಿಟ್ಟಿದ್ದೇನೆ.

ಅದಕ್ಕೆ ಚಿಕ್ಕವನು ಈಗಷ್ಟೇ ಮುಖ ಉಬ್ಬಿಸಿಕೊಂಡು ಹೇಳಿದ: "ಬಟ್ ಅಜ್ಜ, ಐ ಕ್ಯಾನ್ ಸ್ವಿಮ್ ಆಲ್‌ರೆಡಿ!"

"ಗೊತ್ತು ಕಣೋ ಮರಿ," ಎಂದೆ. "ನಾಳೆ ಒಂದು ದಿನ, ಈಜು ಬರಲ್ಲ ಅಂತ ನಿಮ್ಮಪ್ಪಂಗೆ ಹೇಳು."