ಕಾಗದಕ್ಕೆ ಹಿಂಬದಿ ಇಲ್ಲ

ಟ್ಯೂಷನ್ ಮುಗಿದ ಮೇಲೆ ನಾಗರತ್ನ ಮೇಡಂ ವಿದ್ಯುದಾವೇಶಗಳನ್ನು ನಮಗೆ ತಿನ್ನಲು ಕೊಡುತ್ತಿದ್ದರು. ಅವರ ತವರು ಮಡಕಶಿರದ ಆಚೆ, ರೊಳ್ಳದ ಕಡೆಯ ಹಳ್ಳಿ. ಅಲ್ಲಿಂದ ಬರುತ್ತಿದ್ದ ಕಡ್ಲೆಕಾಯಿಯನ್ನು ಹುರಿದು ಡಬ್ಬಿಯಲ್ಲಿ ತುಂಬಿಡುತ್ತಿದ್ದರು. ಸಿಪ್ಪೆಯಿದ್ದರೆ ಧನ, ಸುಲಿದ ಕೆಂಪು ಬೀಜ ಋಣ. ರಾಯದುರ್ಗದ ಅವರ ಬಾಡಿಗೆ ಮನೆಯ ಪಡಸಾಲೆಯಲ್ಲಿ, ನೆಲದ ಮೇಲೆ ತ್ರಿಕೋನವಾಗಿ ಅವನ್ನಿಟ್ಟು, "ಈ ಮೂಲೇಲಿರೋದನ್ನ ಉಳಿದೆರಡೂ ಸೇರಿ ಎತ್ತ ತಳ್ತವೆ?" ಎಂದು ಕೇಳುತ್ತಿದ್ದರು.

ಒಂದು ಬಲ ಮೂರು, ಅದಕ್ಕೆ ಲಂಬವಾಗಿ ಇನ್ನೊಂದು ನಾಲ್ಕು ಬಂದರೆ ನಾವೆಲ್ಲ ಏಳು ಎಂದು ಬರೆದುಬಿಡುತ್ತಿದ್ದೆವು. ಮೇಡಂ ಹಣೆ ಚಚ್ಚಿಕೊಳ್ಳುತ್ತಿದ್ದರು.

"ಕೂಡಿಸಿಬಿಟ್ರೇನ್ರೇ? ನಿಮ್ಮಮ್ಮ ಒಂದ್ಕಡೆ, ನಿಮ್ಮತ್ತೆ ಒಂದ್ಕಡೆ ಎಳೆದ್ರೆ ಎತ್ತ ಹೋಗ್ತೀರ?"

"ನಡುವ ನಿಂತು ಅಳ್ತೀನ್ರಿ ಮೇಡಂ" ಎಂದಳು ನನ್ನ ಗೆಳತಿ ಗಂಗಾ.

"ಅಳು, ಬೇಡ ಅನ್ನಲ್ಲ. ಯಾವ ಕಡೆ ಮುಖ ಮಾಡ್ಕೊಂಡು ಅಳ್ತೀಯ ಅನ್ನೋದನ್ನ ಬರಿ. ಮೊದ್ಲು ಬಾಣ, ಆಮೇಲೆ ಅಂಕಿ."

ಉತ್ತರ ಐದು. ಆದರೆ ಬರೀ ಐದು ಎಂದರೆ ಅವರಿಗೆ ಸಾಲದು. ದಿಕ್ಕು ಹೇಳದ ಬಲ ವಿಳಾಸವಿಲ್ಲದ ಕಾಗದದ ಹಾಗೆ ಎನ್ನುತ್ತಿದ್ದರು. ಅವರೊಂದು ಸಣ್ಣ ಖಾಸಗಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ಗಂಡ ಜೀನ್ಸ್ ಹೊಲಿಯುವ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್.

ನಾನು ಸೋಲುತ್ತಿದ್ದುದೂ ದಿಕ್ಕಿನಲ್ಲೇ. ದೂರ ಇಮ್ಮಡಿಯಾದರೆ ಬಲ ಕಾಲು ಪಾಲಾಗುತ್ತದೆ ಎಂಬುದು ನನಗೆ ನಿದ್ದೆಯಲ್ಲೂ ಬರುತ್ತಿತ್ತು. ಅಂಕಿಗಳೆಲ್ಲ ಸರಿ, ಬಾಣ ಮಾತ್ರ ತಪ್ಪು. ಬಲಕ್ಕೆ ಹೋಗಬೇಕಾದದ್ದು ಎಡಕ್ಕೆ ಹೋಗಿರುತ್ತಿತ್ತು. ಹೀಗೆ ಎಲ್ಲ ಲೆಕ್ಕದಲ್ಲೂ ಅಂಕ ಕಳೆದುಕೊಂಡು, ಇಂಟರ್, ಎಂದರೆ ನಮ್ಮ ಆಂಧ್ರದ ಪಿಯುಸಿ, ಎರಡನೆಯ ವರ್ಷದ ಭೌತಶಾಸ್ತ್ರದಲ್ಲಿ ಫೇಲಾದೆ. ಮನೆಯಲ್ಲಿ ಯಾರೂ ಬಯ್ಯಲಿಲ್ಲ. ಚಿಕ್ಕಮ್ಮ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿದ್ದಳು, ಅವಳಿಗೆ ಅವ್ವ ಫೋನ್ ಮಾಡಿಸಿದಳು, ಅಷ್ಟೆ. ನಾನು ಟ್ಯೂಷನ್‌ಗೆ ಹೋಗುವುದನ್ನು ನಿಲ್ಲಿಸಿದೆ.

ಆ ವಾರವೇ ಮೇಡಂ ನಮ್ಮ ಮನೆಗೆ ಬಂದರು. ಅವ್ವ ಜೀನ್ಸ್ ಹೊಲಿಯುತ್ತಿದ್ದ ಮಷೀನಿನಿಂದ ಎದ್ದಳು.

"ಬರ್ರಿ ಮೇಡಂ, ಕುಂದರ್ರಿ. ಆಕಿ ಹಣೇಬರಾನ ಅಷ್ಟರಿ. ಬರೋ ತಿಂಗಳ ಅವರ ಚಿಕ್ಕಮ್ಮನ ಕೂಡ ಕಳಿಸ್ತೀವ್ರಿ."

ಮೇಡಂ ನನ್ನ ಕೈಯನ್ನೇ ನೋಡುತ್ತಿದ್ದರು. ನಾನು ಜೀನ್ಸ್ ಬಟ್ಟೆಯ ಹಿಂಬದಿಗೆ ಸೀಮೆಸುಣ್ಣದಿಂದ ಜೇಬಿನ ಗುರುತು ಹಾಕುತ್ತಿದ್ದೆ. ಚಿಕ್ಕಂದಿನಿಂದ ಅದು ನನ್ನ ಕೆಲಸ.

"ಇದು ಯಾವ ಕಡೆ ಜೇಬು?"

"ಬಲಗಡೇದ್ರಿ ಮೇಡಂ."

"ಎಡಕ್ಕೆ ಬಾಗೈತಲ್ಲ?"

"ಹಿಂಬದಿ ಅಲ್ಲೇನ್ರಿ ಇದು? ತಿರುವಿ ಹಾಕಿದ್ರ ಬಲಕ್ಕ ಬರ್ತೈತ್ರಿ."

ಮೇಡಂ ಬಟ್ಟೆಯನ್ನು ತಿರುವಿ ನೋಡಿದರು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಅಯ್ಯೋ ಹುಡುಗಿ, ಕಾಗದಕ್ಕೆ ಹಿಂಬದಿ ಇಲ್ಲ ಕಣೇ!"

ಅವ್ವನ ಕಡೆ ತಿರುಗಿ, "ನಿಮ್ಮ ಮಗಳು ದಡ್ಡಿ ಅಲ್ಲ ಕಣಮ್ಮ. ಬಟ್ಟೆ ಹಿಂದೆ ನಿಂತ್ಕೊಂಡು ಲೆಕ್ಕ ಮಾಡ್ತವ್ಳೆ. ಸಪ್ಲಿಮೆಂಟರಿ ಪರೀಕ್ಷೆ ಬರೀಲಿ. ಅಲ್ಲೀವರೆಗೂ ಅವಳ ಕೈಗೆ ಗುರುತು ಹಾಕೋ ಕೆಲ್ಸ ಕೊಡಬೇಡಿ" ಎಂದರು.

ಅವ್ವ ಬಹಳ ಹೊತ್ತು ಬಟ್ಟೆಯ ರಾಶಿಯನ್ನು ನೋಡಿದಳು. "ಇದೊಂದು ಸಲ ನೋಡ್ರಿ ಮೇಡಂ. ಈ ಸಲಾನೂ ಹೋತಂದ್ರ ಬೆಂಗಳೂರ." ಅಂದಿನಿಂದ ಗುರುತು ಹಾಕುವ ಕೆಲಸವನ್ನೂ ಅವಳೇ ಮಾಡಿಕೊಂಡಳು, ಗೊಣಗುತ್ತ.

ಮರುದಿನ ಟ್ಯೂಷನ್‌ಗೆ ಹೋದಾಗ ಮೇಡಂ ನನ್ನ ಪೆನ್ನು ಕಸಿದುಕೊಂಡರು. ಅಂಗಳದಲ್ಲಿ ದೊಡ್ಡದಾಗಿ ಎರಡು ಅಕ್ಷಗಳನ್ನು ಎಳೆದು, ಎರಡು ಕಡೆ ಕಲ್ಲಿಟ್ಟು, ಮೂರನೆಯ ಆವೇಶದ ಜಾಗದಲ್ಲಿ ನನ್ನನ್ನೇ ನಿಲ್ಲಿಸಿದರು. ಒಂದು ಕಲ್ಲು ನನ್ನನ್ನು ಎಳೆಯುತ್ತದೆ, ಇನ್ನೊಂದು ತಳ್ಳುತ್ತದೆ. ಎತ್ತ ಹೋಗಬೇಕೋ ಅತ್ತ ನಡೆದು ತೋರಿಸಬೇಕು.

"ನಿನ್ನ ಕೈಗೆ ಬಟ್ಟೆ ಅಭ್ಯಾಸ ಆಗೋಗೈತೆ. ಕಾಲಿಗೆ ಇನ್ನೂ ಆಗಿಲ್ಲ. ಕಾಲನ್ನ ನಂಬು."

ಪಕ್ಕದ ಮನೆಯವರು ಕಿಟಕಿಯಿಂದ ನೋಡಿ, "ಮೇಡಂ, ಹುಡುಗೀಗೆ ಡಾನ್ಸ್ ಕಲಿಸ್ತೀರೇನ್ರಿ?" ಎನ್ನುತ್ತಿದ್ದರು. ಮೇಡಂ, "ಹೂಂ, ಬರ್ರಿ, ನಿಮಗೂ ಒಂದು ಜಾಗ ಐತೆ" ಎಂದು ಕರೆಯುತ್ತಿದ್ದರು. ನನಗೆ ನಾಚಿಕೆಯಿಂದ ಜೀವ ಹೋಗುತ್ತಿತ್ತು. ಆದರೂ ನಡೆದೆ. ಪರೀಕ್ಷೆಯ ದಿನ ಪ್ರತಿಯೊಂದು ಬಾಣ ಹಾಕುವ ಮೊದಲೂ ಬೆಂಚಿನ ಕೆಳಗೆ ನನ್ನ ಪಾದ ಸ್ವಲ್ಪ ತಿರುಗುತ್ತಿತ್ತು.

ಪಾಸಾದೆ. ಮುಂದೆ ಓದಿದೆ. ಎಂ.ಎಸ್ಸಿ. ಮುಗಿಸಿ ಮಡಕಶಿರದ ಒಂದು ಕಾಲೇಜಿಗೆ ಭೌತಶಾಸ್ತ್ರ ಕಲಿಸಲು ಸೇರಿದೆ.

ಅಲ್ಲಿನ ಬಸ್ ನಿಲ್ದಾಣದಲ್ಲೇ ಒಂದು ಸಂಜೆ ಮೇಡಂ ಸಿಕ್ಕರು. ಪಕ್ಕದಲ್ಲಿ ಎರಡು ದೊಡ್ಡ ಚೀಲಗಳಿದ್ದವು. ರಾಯದುರ್ಗದ ಅವರ ಕಾಲೇಜು ಮುಚ್ಚಿತ್ತು, ಗಂಡನ ಕಾರ್ಖಾನೆಯೂ ನಿಂತಿತ್ತು. ಈಗ ಇಬ್ಬರೂ ಬೆಂಗಳೂರಿನಲ್ಲಿ. ತವರಿಗೆ ಬಂದವರು ಹಿಂತಿರುಗುತ್ತಿದ್ದರು.

"ಗಾರ್ಮೆಂಟ್ಸ್‌ನಾಗೆ ಚೆಕಿಂಗ್ ಕೆಲ್ಸ ಕಣಮ್ಮ. ಬೇರೆಯವರ ತಪ್ಪು ಹಿಡಿಯೋದು. ನನಗೇನು ಹೊಸದಾ?"

ನಾನು ನಗಲಿಲ್ಲ. "ನಮ್ಮ ಕಾಲೇಜಿನಾಗ ಕೇಳಿ ನೋಡ್ಲೇನ್ರಿ ಮೇಡಂ?" ಎಂದೆ.

"ಅಲ್ಲಿ ಫಿಜಿಕ್ಸ್‌ಗೆ ಎಷ್ಟು ಜನ?"

"ನಾನೊಬ್ಬಾಕಿನ."

"ಮತ್ತೆ? ನನಗೆ ಜಾಗ ಕೊಟ್ಟು ನೀನೆಲ್ಲಿಗೆ ಹೋಗ್ತೀಯ?" ಎಂದು ನನ್ನ ಕೆನ್ನೆ ತಟ್ಟಿದರು.

ಬಸ್ಸು ಬಂತು. ಅವರ ಚೀಲಗಳನ್ನೆತ್ತಿಕೊಂಡು ಹತ್ತಿ ಮೇಲಿಟ್ಟೆ, ಕಿಟಕಿಯ ಪಕ್ಕ ಸೀಟು ಹಿಡಿದು ಕೂರಿಸಿದೆ. ಮೇಲಿನ ಚೀಲವನ್ನು ಮತ್ತೊಮ್ಮೆ ಸರಿಸುತ್ತ ನಿಂತೇ ಇದ್ದೆ. ಕಂಡಕ್ಟರ್ ಸೀಟಿ ಊದಿದ.

"ಇಳಿಯಮ್ಮ, ಇಳಿ. ಇಲ್ಲಾಂದ್ರೆ ನೀನೂ ಬೆಂಗಳೂರಿಗೆ ಬಂದ್ಬಿಡ್ತೀಯ" ಎಂದು ಮೇಡಂ ಎದ್ದು, ನನ್ನ ಬೆನ್ನಿಗೆ ಕೈಯಿಟ್ಟು ಬಾಗಿಲ ಕಡೆಗೆ ಮೆಲ್ಲಗೆ ನೂಕಿದರು.

ನಾನು ಇಳಿದೆ.